ವಿಹಾರದ ಬಂಡಿಗೆ ಯುದ್ಧದ ಕವಚ

ವೇಷ ಹಾಕುವುದು ಮನುಷ್ಯನಿಗೆ ಮಾತ್ರ ಮೀಸಲಾದ ವಿದ್ಯೆಯೆಂದು ನಾವು ತಿಳಿದಿರುವೆವು. ಬಯಲಾಟದ ರಾತ್ರಿ ದುರ್ಯೋಧನನಾಗಿ ಗದೆ ಬೀಸಿದ ರೈತನು ಬೆಳಗಾದೊಡನೆ ಮುಖದ ಬಣ್ಣವನ್ನು ತೊಳೆದುಕೊಂಡು ಹೊಲಕ್ಕೆ ಹೋಗುವನು. ಯಂತ್ರಗಳಿಗೂ ಇಂತಹ ವೇಷವನ್ನು ಹಾಕುವುದುಂಟೆಂದರೆ ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಹಳೆಯ ಮೋಟಾರು ಬಂಡಿಗಳ ಅಭಿಮಾನವು ಬಹುವಾಗಿ ಬೆಳೆದಿರುವ ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಕೆಲವರು ಹಳೆಯ ವಿಹಾರದ ಕಾರೊಂದನ್ನು ಸಂಪಾದಿಸಿ, ಅದಕ್ಕಿಂತಲೂ ಹಿಂದಿನದಾದ ಯುದ್ಧವಾಹನವೊಂದರ ರೂಪವನ್ನು ಅದಕ್ಕೆ ಕೊಡುವರು. ಮದುವೆಯ ಮೆರವಣಿಗೆಗೆ ಯೋಗ್ಯವಾಗಿದ್ದ ಬಂಡಿಯು ಬುರುಜನ್ನೂ ಬಂದೂಕಿನ ಆಕೃತಿಯನ್ನೂ ಹೊತ್ತು, ೧೯೧೪ರ ಮಹಾಯುದ್ಧದ ಕವಚದ ಕಾರಿನಂತೆ ಜನರ ಮುಂದೆ ಬರುವುದು.

ಇದನ್ನು ಕೇಳಿದವರಿಗೆ ಎರಡು ಪ್ರಶ್ನೆಗಳು ಹುಟ್ಟುವುದು ಸಹಜ. ಪ್ರಾಯಸ್ಥರಾದವರು ಹಣವನ್ನೂ ಕಾಲವನ್ನೂ ವೆಚ್ಚಮಾಡಿ ಆಡುವ ಈ ಆಟದಿಂದ ಯಾರಿಗಾದರೂ ಪ್ರಯೋಜನವುಂಟೇ ಎಂಬುದು ಮೊದಲನೆಯದು. ಒಂದು ಹಳೆಯ ವಸ್ತುವನ್ನು ಇನ್ನೊಂದು ಹಳೆಯ ವಸ್ತುವಿನಂತೆ ಕಾಣಿಸಲು ಹೋಗಿ ಎರಡನ್ನೂ ಕೆಡಿಸಿದಂತಾಗುವುದಿಲ್ಲವೇ ಎಂಬುದು ಎರಡನೆಯದು. ಎರಡಕ್ಕೂ ಉತ್ತರ ಹೇಳಬೇಕಾದರೆ, ಕವಚದ ಕಾರು ಮೊದಲಿಗೆ ಹೇಗೆ ಹುಟ್ಟಿತೆಂಬುದನ್ನು ತಿಳಿದುಕೊಳ್ಳಬೇಕು. ಏಕೆಂದರೆ ಅದರ ಹುಟ್ಟೇ ಒಂದು ವೇಷಾಂತರವಾಗಿತ್ತು.

ರೋಲ್ಸ್ ರಾಯ್ಸ್ ಸಂಸ್ಥೆಯವರು ೧೯೦೬ರಲ್ಲಿ ಆರು ಸಿಲಿಂಡರುಗಳ ಹೊಸ ಕಾರೊಂದನ್ನು ಹೊರತಂದರು. ಬೆಳ್ಳಿಯ ಬಣ್ಣ ಬಳಿದಿದ್ದ ಅದರ ಒಂದು ಮಾದರಿಗೆ ಇಟ್ಟ ‘ಸಿಲ್ವರ್ ಘೋಸ್ಟ್’ ಎಂಬ ಹೆಸರೇ ಮುಂದೆ ಆ ಜಾತಿಯ ಕಾರುಗಳಿಗೆಲ್ಲ ಅಂಟಿಕೊಂಡಿತು. ೧೯೦೭ರಲ್ಲಿ ಈ ಕಾರನ್ನು ಸುಮಾರು ೧೫,೦೦೦ ಮೈಲಿಗಳ ಪರೀಕ್ಷೆಗೆ ಒಡ್ಡಿ ಅದರ ದೃಢತೆಯನ್ನು ಲೋಕಕ್ಕೆ ತೋರಿಸಿಕೊಟ್ಟರು. ಆ ಕಾಲದ ಪದ್ಧತಿಯಂತೆ ಸಂಸ್ಥೆಯವರು ಮಾರುತ್ತಿದ್ದುದು ಪೂರ್ಣವಾದ ಕಾರನ್ನಲ್ಲ. ಎಂಜಿನು, ಗಾಲಿ, ಅಚ್ಚುಗಳನ್ನು ಹೊತ್ತ ಉಕ್ಕಿನ ಅಡಿಗಟ್ಟನ್ನು, ಅಂದರೆ ಚಾಸಿಯನ್ನು ಮಾತ್ರ. ಕೊಂಡವರು ಅದನ್ನು ಬಂಡಿಯ ಮೈಕಟ್ಟುವ ಕುಶಲಿಗಳ ಬಳಿಗೆ ಒಯ್ದು, ತಮ್ಮ ಅಭಿರುಚಿಗೆ ತಕ್ಕ ಮರದ ಚೌಕಟ್ಟನ್ನೂ ತಗಡಿನ ಮೈಯನ್ನೂ ಕೂಡಿಸಿಕೊಳ್ಳುತ್ತಿದ್ದರು. ಚಾಸಿಯೊಂದು, ಮೈಯೊಂದು, ಎರಡನ್ನೂ ಕೂಡಿಸುತ್ತಿದ್ದುದು ಕೆಲವು ಬೋಲ್ಟುಗಳು. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿರುವುದು.

೧೯೧೪ರ ಆಗಸ್ಟಿನಲ್ಲಿ ಯುದ್ಧವು ಆರಂಭವಾದಾಗ ಬ್ರಿಟಿಷ್ ನೌಕಾಸೇನೆಯ ವಿಮಾನದಳವೊಂದು ಫ್ರಾನ್ಸಿನ ಡಂಕರ್ಕ್ ಬಂದರಿನಲ್ಲಿ ಬೀಡುಬಿಟ್ಟಿತ್ತು. ಅದರ ಮುಖಂಡನಾದ ಚಾರ್ಲ್ಸ್ ಸ್ಯಾಮ್ಸನ್ ಎಂಬವನು ನೆಲಕ್ಕಿಳಿದ ವಿಮಾನಿಕರನ್ನು ಕರೆತರುವುದಕ್ಕೂ ಶತ್ರುಗಳ ಸುಳುವನ್ನು ಅರಿಯುವುದಕ್ಕೂ ಮೋಟಾರು ಕಾರುಗಳನ್ನು ಉಪಯೋಗಿಸುತ್ತಿದ್ದನು. ತೆರೆದ ಕಾರಿನಲ್ಲಿ ಕುಳಿತು ಗುಂಡಿನ ಎದುರಿಗೆ ಹೋಗುವುದು ಅಪಾಯಕರವೆಂದು ಕಂಡಾಗ, ಅವನು ಅಲ್ಲಿಯ ಹಡಗುಕಟ್ಟೆಯ ಕಮ್ಮಾರರಿಂದ ಬಾಯ್ಲರಿಗೆ ಹಾಕುವ ಉಕ್ಕಿನ ತಗಡುಗಳನ್ನು ಕಾರುಗಳಿಗೆ ಹೊದಿಸಿದನು. ಒರಟಾದ ಕೆಲಸವಾದರೂ ಅದರ ಫಲವನ್ನು ಲಂಡನ್ನಿನ ಅಧಿಕಾರಿಗಳು ಗಮನಿಸಿದರು. ಅದೇ ಸೆಪ್ಟೆಂಬರಿನಲ್ಲಿ ದೊರೆಯುವಷ್ಟು ಸಿಲ್ವರ್ ಘೋಸ್ಟ್ ಚಾಸಿಗಳನ್ನೆಲ್ಲ ಸರಕಾರವು ವಶಕ್ಕೆ ತೆಗೆದುಕೊಂಡಿತು. ಹೆದರಿಂಗ್‌ಟನ್ ಎಂಬ ವಿಮಾನಾಧಿಕಾರಿಯೂ ಸೇರಿದ್ದ ಒಂದು ಮಂಡಲಿಯು, ಸುತ್ತಲೂ ತಿರುಗಬಲ್ಲ ಬುರುಜೊಂದನ್ನು ಹೊತ್ತ ಹೊಸ ಉಕ್ಕಿನ ಮೈಯನ್ನು ರೂಪಿಸಿತು. ಮೊದಲ ಮೂರು ಬಂಡಿಗಳು ಡಿಸೆಂಬರಿನಲ್ಲಿ ಸಿದ್ಧವಾದವು. ಯುದ್ಧಕಾಲದಲ್ಲಿ ಇಂತಹವು ಸುಮಾರು ೧೨೦ ತಯಾರಾದವು. ಶ್ರೀಮಂತರ ವಿಹಾರಕ್ಕೆಂದು ಹುಟ್ಟಿದ ಚಾಸಿಯ ಮೇಲೆ ಸಿಪಾಯಿಗಳು ಕುಳಿತರು. ಇಂದಿನ ಹವ್ಯಾಸಿಗಳು ಮಾಡುವುದು ಏನೋ ಅಪೂರ್ವವೆಂದು ಭಾವಿಸಬೇಕಾಗಿಲ್ಲ. ಅವರು ಅನುಕರಿಸುವ ಮೂಲವಸ್ತುವೇ ಹೀಗೆ ಮೈ ಬದಲಿಸಿಕೊಂಡು ಬಂದುದು.

ಮೊದಲ ಬಂಡಿಗಳು ಬರುವ ವೇಳೆಗೆ ಫ್ರಾನ್ಸಿನಲ್ಲಿ ಎರಡು ಪಕ್ಷದವರೂ ಕಂದಕ ತೋಡಿ ಕುಳಿತುಬಿಟ್ಟಿದ್ದರು. ಗಾಲಿಯ ಬಂಡಿಗೆ ಅಲ್ಲಿ ಕೆಲಸವಿರಲಿಲ್ಲ. ಅದಕ್ಕೆ ತಕ್ಕ ಬಯಲು ದೊರೆತುದು ಮರುಭೂಮಿಯಲ್ಲಿ. ೧೯೧೫ರ ನವೆಂಬರಿನಲ್ಲಿ ‘ಟಾರಾ’ ಎಂಬ ಹಡಗನ್ನು ಜರ್ಮನರು ಮುಳುಗಿಸಿದಾಗ, ಬದುಕಿ ಉಳಿದ ನಾವಿಕರು ಸೆರೆಯಾಳುಗಳಾಗಿ ಲಿಬಿಯಾದ ಮರಳುಗಾಡಿನ ಬೀರ್ ಹಕೀಮ್ ಎಂಬ ಬಾವಿಯ ಬಳಿ ಹಸಿವಿನಿಂದ ನರಳುತ್ತಿದ್ದರು. ೧೯೧೬ರ ಮಾರ್ಚ್ ೧೭ರಂದು ವೆಸ್ಟ್‌ಮಿನ್‌ಸ್ಟರಿನ ಡ್ಯೂಕನು ಕವಚದ ಕಾರುಗಳನ್ನೂ ರೋಗಿಗಳನ್ನು ಸಾಗಿಸುವ ಫೋರ್ಡ್ ಬಂಡಿಗಳನ್ನೂ ಕೂಡಿಕೊಂಡು, ದಾರಿಯಿಲ್ಲದ ನೆಲದಲ್ಲಿ ನೂರಕ್ಕೂ ಮಿಕ್ಕು ಮೈಲಿ ನಡೆದು, ಅವರಲ್ಲಿ ಸುಮಾರು ತೊಂಬತ್ತು ಮಂದಿಯನ್ನು ಬಿಡಿಸಿಕೊಂಡು ಬಂದನು. ಮುಂದೆ ಅರೇಬಿಯಾದಲ್ಲಿ ಕರ್ನಲ್ ಲಾರೆನ್ಸನು ತುರ್ಕಿಗಳ ರೈಲುಹಾದಿಯನ್ನು ಕೆಡಿಸುವುದಕ್ಕೆ ಇದೇ ಜಾತಿಯ ಬಂಡಿಗಳನ್ನು ನೆಚ್ಚಿಕೊಂಡನು. ಇವುಗಳ ಆಯುಸ್ಸು ಎಷ್ಟೆಂದರೆ, ೧೯೪೦–೪೧ರಲ್ಲಿಯೂ ಈಜಿಪ್ಟಿನ ಗಡಿಯಲ್ಲಿ ಮತ್ತು ಇರಾಕಿನಲ್ಲಿ ರೋಲ್ಸ್ ರಾಯ್ಸ್ ಕವಚದ ಕಾರುಗಳು ಇನ್ನೂ ದುಡಿಯುತ್ತಿದ್ದವು.

ಆದರೆ ಕವಚವು ಸರ್ವರಕ್ಷಕವಾಗಿರಲಿಲ್ಲ. ಇದಕ್ಕೆ ಸಾಕ್ಷಿಯಾದ ಒಂದು ಸಂಗತಿಯು ನಮ್ಮ ನಾಡಿನ ಇತಿಹಾಸದೊಡನೆ ಹೆಣೆದುಕೊಂಡಿದೆ. ೧೯೧೮ರ ಸೆಪ್ಟೆಂಬರ್ ೨೨ರಂದು ಪ್ಯಾಲೆಸ್ಟೀನಿನ ಹೈಫಾ ಪಟ್ಟಣವನ್ನು ವಶಪಡಿಸಿಕೊಳ್ಳಲು ಕವಚದ ಕಾರುಗಳ ತುಕಡಿಯೊಂದು ರಸ್ತೆ ಹಿಡಿದು ಹೊರಟಿತು. ಬೆಟ್ಟದ ಮೇಲಿಂದ ಸುರಿದ ಗುಂಡಿಗೆ ಸಿಕ್ಕಿ ಅದು ಹಿಂದಿರುಗಬೇಕಾಯಿತು. ಮರುದಿನ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಅಶ್ವದಳಗಳ ಸವಾರರು ಈಟಿ ಹಿಡಿದು ನುಗ್ಗಿ ಆ ಪಟ್ಟಣವನ್ನು ಗೆದ್ದರು. ಉಕ್ಕಿನ ಬಂಡಿಯು ಹಿಂದೆ ಸರಿದ ಎಡೆಯಲ್ಲಿ ಮೈಸೂರಿನ ಕುದುರೆಗಳು ಮುಂದೆ ಹೋದವು. ಏಕೆ ಹೀಗಾಯಿತೆಂಬುದು ಪುಸ್ತಕದ ಓದಿನಿಂದ ಅರ್ಧ ತಿಳಿಯಬಹುದು. ಆ ಬಂಡಿಯೊಳಗೆ ಕುಳಿತು, ಸೀಳುಗಂಡಿಯಿಂದ ಹೊರಗೆ ನೋಡಿದರೆ ಉಳಿದರ್ಧವು ತಾನಾಗಿ ತಿಳಿಯುವುದು. ಪ್ರತಿರೂಪವನ್ನು ಕಟ್ಟುವವರ ಶ್ರಮಕ್ಕೆ ಅರ್ಥ ಬರುವುದು ಇಲ್ಲಿಯೇ.

ಹಾಗಾದರೆ ಈ ಕೆಲಸವನ್ನು ಮಾಡುವ ಬಗೆ ಹೇಗೆ? ಒಂದು ಉದಾಹರಣೆಯನ್ನು ತೆಗೆದುಕೊಂಡು ನೋಡೋಣ. ಸಿಲ್ವರ್ ಘೋಸ್ಟ್ ಕಾರುಗಳು ಇಂದು ಬಹು ದುರ್ಲಭ. ಅವಕ್ಕೆ ಕೈ ಹಚ್ಚುವ ಮಾತೇ ಇಲ್ಲ. ಅದೇ ಸಂಸ್ಥೆಯವರು ೧೯೨೯ರಿಂದ ೧೯೩೬ರವರೆಗೆ ತಯಾರಿಸಿದ ‘೨೦/೨೫’ ಎಂಬ ಚಿಕ್ಕ ಕಾರುಗಳು ಮೂರು ಸಾವಿರದ ಎಂಟುನೂರಕ್ಕೂ ಹೆಚ್ಚಾಗಿದ್ದವು. ಇವುಗಳಲ್ಲಿ ಹಲವು, ಒಡೆಯರ ಕೈ ಬದಲಾದ ಮೇಲೆ, ಮೂಲದ ಮೈಯನ್ನು ಕಳೆದುಕೊಂಡು ಶವವಾಹನಗಳಾಗಿ ದುಡಿದುವು. ಹೀಗೆ ಮೊದಲೇ ಮೈ ನಷ್ಟವಾದ ಚಾಸಿಯೊಂದು ದೊರೆತರೆ, ಅದಕ್ಕೆ ಹೊಸ ವೇಷ ತೊಡಿಸುವುದರಿಂದ ಯಾವ ಹಾನಿಯೂ ಇಲ್ಲ. ಮೂಲದ ಮೈಯುಳ್ಳ ಕಾರನ್ನು ಇದಕ್ಕಾಗಿ ಬಿಚ್ಚುವುದು ಮಾತ್ರ, ಒಳ್ಳೆಯ ಮನೆಯ ತೊಲೆಗಳನ್ನು ಕಿತ್ತು ಚಪ್ಪರ ಹಾಕಿದಂತಾದೀತು.

ಚಾಸಿ ದೊರೆತ ಮೇಲೆ ಮೊದಲು ಎದುರಾಗುವುದು ಅಳತೆಯ ತೊಡಕು. ಕವಚದ ಕಾರಾದ ಸಿಲ್ವರ್ ಘೋಸ್ಟಿನಲ್ಲಿ ಮುಂದಣ ಮತ್ತು ಹಿಂದಣ ಅಚ್ಚುಗಳ ನಡುವಣ ಅಂತರವು ಹನ್ನೆರಡು ಅಡಿಗೆ ಅರ್ಧ ಅಂಗುಲ ಮಾತ್ರ ಕಡಮೆ. ಮೊದಮೊದಲಿನ ‘೨೦/೨೫’ ಕಾರಿನಲ್ಲಿ ಅದು ೧೦ ಅಡಿ ೯ ಅಂಗುಲ. ಮೂಲದ ಹತ್ತು ಪಾಲಿಗೆ ಇದು ಒಂಬತ್ತು ಪಾಲು. ಚಾಸಿಯನ್ನು ಕತ್ತರಿಸಿ ಉದ್ದಮಾಡುವ ಆಸೆ ಹುಟ್ಟಬಹುದು; ಅದನ್ನು ಅಲ್ಲಿಯೇ ಅಡಗಿಸಬೇಕು. ಬುರುಜು, ಬಾಗಿಲು, ಹಿಂಬದಿಯ ಹಲಗೆ, ಎಲ್ಲವನ್ನೂ ಅದೇ ಒಂಬತ್ತು ಪಾಲಿನ ಪ್ರಮಾಣದಲ್ಲಿ ಕುಗ್ಗಿಸಿದರೆ ನೋಡುವವರ ಕಣ್ಣಿಗೆ ರೂಪವು ಸರಿಯಾಗಿಯೇ ತೋರುವುದು. ಒಳಗೆ ಕೂರುವ ಮನುಷ್ಯನನ್ನು ಮಾತ್ರ ಒಂಬತ್ತು ಪಾಲಿಗೆ ಇಳಿಸಲಾಗುವುದಿಲ್ಲವಷ್ಟೆ! ಆದ್ದರಿಂದ ಸ್ಥೂಲಕಾಯರಾದವರು ಹೊರಗೆ ನಿಂತು ನೋಡಿ ಸಂತೋಷಪಡುವುದೇ ಲೇಸು.

ಎರಡನೆಯದು ಭಾರದ ಲೆಕ್ಕ. ಮೂಲದ ಕವಚವು ಹೆಚ್ಚೆಂದರೆ ೧೨ ಮಿಲಿಮೀಟರ್ ದಪ್ಪವಾಗಿತ್ತು. ಅಷ್ಟು ದಪ್ಪದ ಉಕ್ಕು ಒಂದು ಚದರ ಮೀಟರಿಗೆ ಸುಮಾರು ೯೪ ಕಿಲೋ ತೂಗುವುದು. ಬಂಡಿಯ ಮೈಯೆಲ್ಲ ಸೇರಿ ಇಪ್ಪತ್ತು ಚದರ ಮೀಟರ್ ಎಂದಿಟ್ಟುಕೊಂಡರೂ ಕವಚವೊಂದೇ ೧,೮೮೦ ಕಿಲೋ ಆಗುವುದು. ೧೯೨೦ರ ಮಾದರಿಯ ಕವಚದ ಕಾರು ಒಟ್ಟು ನಾಲ್ಕೂವರೆ ಟನ್ನಿಗೂ ಮಿಕ್ಕು ತೂಗುತ್ತಿತ್ತೆಂಬುದು ಇದರಿಂದ ಅರ್ಥವಾದೀತು. ಆ ಭಾರಕ್ಕಾಗಿ ಅಂದಿನವರು ಸ್ಪ್ರಿಂಗುಗಳನ್ನು ಬಲಪಡಿಸಿ, ಹಿಂದಣ ಅಚ್ಚಿಗೆ ಜೋಡಿ ಗಾಲಿಗಳನ್ನು ಹಾಕಿದ್ದರು. ತೊಂಬತ್ತು ವರ್ಷದ ಮುಪ್ಪಿನ ಚಿಕ್ಕ ಚಾಸಿಯ ಮೇಲೆ ಇಷ್ಟನ್ನು ಹೇರಿದರೆ ಅದು ಮೊದಲನೆಯ ಗುಂಡಿಯಲ್ಲಿಯೇ ಬೆನ್ನು ಮುರಿದುಕೊಳ್ಳುವುದು. ಆದುದರಿಂದ ತಿಳಿದವರು ಉಕ್ಕಿನ ಬದಲು ೧೨ ಮಿಲಿಮೀಟರ್ ಪ್ಲೈವುಡ್ ಹಲಗೆಯನ್ನು ಉಪಯೋಗಿಸುವರು. ಅಷ್ಟೇ ವಿಸ್ತಾರಕ್ಕೆ ಅದರ ಭಾರವು ನೂರೈವತ್ತು ಕಿಲೋ ಆಸುಪಾಸು. ಒಳಗೊಂದು ಮರದ ಚೌಕಟ್ಟು, ಹಲಗೆಯ ಅಂಚಿಗೆ ತೆಳುವಾದ ತಗಡು, ತಗಡಿನ ಮೇಲೆ ಸಾಲಾಗಿ ಅಂಟಿಸಿದ ಅರೆಗುಂಡಿನ ಆಕಾರದ ಗುಬಟುಗಳು. ಬಣ್ಣ ಬಳಿದ ಮೇಲೆ ಹತ್ತು ಹೆಜ್ಜೆ ದೂರದಿಂದ ಉಕ್ಕಿಗೂ ಹಲಗೆಗೂ ಭೇದವೇ ಕಾಣದು. ಹೊಸ ಮೈಯನ್ನು ಕೂಡಿಸುವುದಕ್ಕೆ ಚಾಸಿಯಲ್ಲಿ ಹಿಂದಿನಿಂದಲೂ ಇರುವ ಬೋಲ್ಟಿನ ರಂಧ್ರಗಳೇ ಸಾಕು. ಹೊಸದಾಗಿ ಒಂದು ರಂಧ್ರವನ್ನು ಕೊರೆಯುವುದಾಗಲಿ, ಒಂದು ತುಂಡನ್ನು ಬೆಸೆಯುವುದಾಗಲಿ ಸಲ್ಲದು. ಬುರುಜಿನ ಬಂದೂಕು ಕಟ್ಟಿಗೆ ಮತ್ತು ಕೊಳವೆಗಳಿಂದ ಮಾಡಿದ ಬೊಂಬೆಯಾಗಿರಬೇಕೆಂದು ಹೇಳಬೇಕಾದುದೇ ಇಲ್ಲ.

ಇಷ್ಟು ಕಟ್ಟಿ ಮುಗಿಸಿ ಒಳಗೆ ಕುಳಿತವನಿಗೆ ಹಲವು ವಿಷಯಗಳು ಹೊಳೆಯುವುವು. ರೇಡಿಯೇಟರಿನ ಮುಂದಣ ಕವಚದ ಕದಗಳನ್ನು ಮುಚ್ಚಿದೊಡನೆ ಗಾಳಿ ನಿಂತು ಎಂಜಿನು ಕಾಯತೊಡಗುವುದು. ತೆರೆದರೆ ಗುಂಡಿಗೆ ದಾರಿಯಾಗುವುದು. ಬಿಸಿಲ ನಾಡಿನಲ್ಲಿ ಅಂದಿನ ಚಾಲಕನು ಗಳಿಗೆ ಗಳಿಗೆಗೂ ಈ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಾಗಿತ್ತು. ಸೀಳುಗಂಡಿಯಿಂದ ರಸ್ತೆಯ ಒಂದು ಪಟ್ಟಿ ಮಾತ್ರ ಕಾಣುವುದು. ಬದಿಯ ಬೆಟ್ಟದ ಮೇಲೆ ಯಾರಿರುವರೆಂಬುದು ಕಾಣದು. ಹೈಫಾದ ರಸ್ತೆಯಲ್ಲಿ ಕವಚದೊಳಗಿನವರ ಪಾಡೇನೆಂಬುದು ಆಗ ಮನಸ್ಸಿಗೆ ನಾಟುವುದು. ೧೯೧೪ರ ಸಿಲ್ವರ್ ಘೋಸ್ಟಿನಲ್ಲಿ ಹಿಂದಣ ಗಾಲಿಗಳಿಗೆ ಮಾತ್ರ ಬ್ರೇಕುಗಳಿದ್ದವು. ಮುಂದಣ ಗಾಲಿಗಳಿಗೆ ಅವು ಬಂದುದು ೧೯೨೪ರ ಸುಮಾರಿನಲ್ಲಿ. ವಿದ್ಯುತ್ತಿನಿಂದ ಎಂಜಿನು ಹೊರಡಿಸುವ ಏರ್ಪಾಡು ಯುದ್ಧ ಮುಗಿದ ಬಳಿಕವಷ್ಟೇ ಬಂದಿತು. ಎಂಜಿನು ನಿಂತಿತೆಂದರೆ ಸಾಮಾನ್ಯವಾಗಿ ಒಬ್ಬನು ಕವಚದಿಂದ ಹೊರಗಿಳಿದು, ಗುಂಡಿಗೆ ಮೈಯೊಡ್ಡಿ, ಮುಂದಣ ಹಿಡಿಯನ್ನು ತಿರುಗಿಸಬೇಕಾಗಿತ್ತು. ಆ ಒಬ್ಬನ ಧೈರ್ಯವನ್ನು ಚಿತ್ರಪಟವು ತೋರಿಸಲಾರದು. ನಾಲ್ಕಾರು ಸಲ ಹಿಡಿ ತಿರುಗಿಸಿ ತೋಳು ನೊಂದವನಿಗೆ ಅದು ತಾನಾಗಿ ಅರಿವಾಗುವುದು. ಶಾಲೆಯ ಮಕ್ಕಳನ್ನು ಇಂತಹ ಬಂಡಿಯೊಳಗೆ ಐದು ನಿಮಿಷ ಕೂರಿಸಿದರೆ, ಯುದ್ಧವೆಂದರೆ ವೀರಾವೇಶ ಮಾತ್ರವಲ್ಲ, ಸೆಕೆ, ಹೊಗೆ, ಕುರುಡುತನಗಳೂ ಹೌದೆಂಬುದನ್ನು ಕಲಿತಾರು. ಮೊದಲನೆಯ ಪ್ರಶ್ನೆಗೆ ನಮ್ಮ ಉತ್ತರವಿದು.

ಮಕ್ಕಳ ಮಾತು ಬಂದುದರಿಂದ ಇನ್ನೊಂದು ಬಗೆಯ ವೇಷದ ಬಂಡಿಗಳನ್ನೂ ಇಲ್ಲಿ ನೆನೆಯಬೇಕು. ೧೯೧೯ರ ವರ್ಸೇಲ್ಸ್ ಒಪ್ಪಂದವು ಜರ್ಮನಿಗೆ ಟ್ಯಾಂಕುಗಳನ್ನು ನಿಷೇಧಿಸಿತ್ತು. ಆಗ ಅಲ್ಲಿಯ ಸೇನೆಯವರು ಡಿಕ್ಸಿ ಮೊದಲಾದ ಚಿಕ್ಕ ಕಾರುಗಳಿಗೆ ಕ್ಯಾನ್ವಾಸನ್ನೂ ಹಲಗೆಯನ್ನೂ ಹೊದಿಸಿ, ಟ್ಯಾಂಕಿನ ಆಕಾರವನ್ನು ಕೊಟ್ಟು ಕವಾಯತು ಮಾಡಿಸುತ್ತಿದ್ದರು. ಅದನ್ನು ನೋಡಲು ಬಂದ ಶಾಲೆಯ ಹುಡುಗರು ಒಳಗೇನಿದೆಯೆಂದು ತಿಳಿಯುವುದಕ್ಕೆ ಕ್ಯಾನ್ವಾಸಿನ ಗೋಡೆಗೆ ಪೆನ್ಸಿಲು ಚುಚ್ಚುತ್ತಿದ್ದರೆಂದು ಸೇನಾನಿ ಗೂಡೇರಿಯನ್ ತನ್ನ ಸ್ಮೃತಿಗ್ರಂಥದಲ್ಲಿ ಬರೆದಿರುವನು. ನೆರೆಯವರು ನಕ್ಕರು. ಆದರೆ ಆ ಬಟ್ಟೆಯ ಬಂಡಿಗಳಲ್ಲಿ ಕಲಿತ ಪಾಠವು ೧೯೩೯–೪೦ರಲ್ಲಿ ಯೂರೋಪಿಗೆ ಎಷ್ಟು ದುಬಾರಿಯಾಯಿತೆಂಬುದು ಎಲ್ಲರಿಗೂ ತಿಳಿದ ಸಂಗತಿ. ಬಂಡಿಯ ವೇಷವು ಅರಿವಿಗೂ ಸಾಧನವಾದೀತು, ಅನರ್ಥಕ್ಕೂ ಸಾಧನವಾದೀತು. ಭೇದವಿರುವುದು ಹಾಕುವವನ ಉದ್ದೇಶದಲ್ಲಿ.

ಇನ್ನು ಎರಡನೆಯ ಪ್ರಶ್ನೆ, ಮೂಲವಸ್ತುವಿನ ಹಾನಿಯದು. ಅನುಕೃತಿಯು ಒಳ್ಳೆಯದಾಗಬೇಕಾದರೆ ಅಳೆದು ನೋಡಲು ಮೂಲವೊಂದು ಉಳಿದಿರಬೇಕು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರು ಕಟ್ಟಿದ ಎ-೭-ವಿ ಎಂಬ ಟ್ಯಾಂಕುಗಳು ಸುಮಾರು ಇಪ್ಪತ್ತು. ಅವುಗಳಲ್ಲಿ ಇಂದು ಉಳಿದಿರುವುದು ಒಂದೇ ಒಂದು. ‘ಮೆಫಿಸ್ಟೋ’ ಎಂಬ ಹೆಸರಿನ ಅದು ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ವಸ್ತುಸಂಗ್ರಹಾಲಯದಲ್ಲಿದೆ. ಜರ್ಮನಿಯ ಮುನ್‌ಸ್ಟರ್ ಎಂಬಲ್ಲಿಯ ಟ್ಯಾಂಕು ಸಂಗ್ರಹಾಲಯಕ್ಕಾಗಿ ೧೯೮೦ರ ದಶಕದ ಕೊನೆಯಲ್ಲಿ ಅದರ ಪ್ರತಿರೂಪವನ್ನು ಕಟ್ಟಹೊರಟವರು, ಭೂಮಿಯ ಆಚೆ ಬದಿಯಲ್ಲಿದ್ದ ಆ ಒಂದರ ಅಳತೆಗಳನ್ನೇ ಆಶ್ರಯಿಸಬೇಕಾಯಿತು. ಅದೂ ಗುಜರಿಗೆ ಹೋಗಿದ್ದರೆ ಪ್ರತಿರೂಪಕ್ಕೆ ಆಧಾರವೆಲ್ಲಿ? ರೋಲ್ಸ್ ರಾಯ್ಸ್ ಕವಚದ ಕಾರಿನ ವಿಷಯದಲ್ಲಿ ಅದೃಷ್ಟವು ಇಷ್ಟು ಕಠಿಣವಾಗಿಲ್ಲ. ಇಂಗ್ಲೆಂಡಿನ ಬೋವಿಂಗ್‌ಟನ್ನಿನ ಟ್ಯಾಂಕು ಸಂಗ್ರಹಾಲಯದಲ್ಲಿ ೧೯೨೦ರ ಮಾದರಿಯ ಒಂದು ಬಂಡಿಯುಂಟು. ೧೯೨೨ರ ಆಗಸ್ಟ್ ೨೨ರಂದು ಐರ್ಲೆಂಡಿನ ಮುಖಂಡ ಮೈಕೇಲ್ ಕಾಲಿನ್ಸನು ಹೊಂಚುದಾಳಿಯಲ್ಲಿ ಮಡಿದಾಗ ಅವನ ಬೆಂಗಾವಲಿಗಿದ್ದ ‘ಸ್ಲೀವನಮಾನ್’ ಎಂಬ ಬಂಡಿಯನ್ನು ಆ ದೇಶದ ಸೇನೆಯು ಇಂದಿಗೂ ಕಾಪಾಡಿಕೊಂಡು ಬಂದಿದೆ. ಹವ್ಯಾಸಿಗಳ ಅನುಕೃತಿಗಳಿಗೆ ಇಂತಹ ಬಂಡಿಗಳೇ ಮೇಲ್ಪಂಕ್ತಿ.

ಕವಚದ ಕಾರಿಗೆ ಸಲ್ಲುವ ಈ ಮಾತು ಅದರ ವೇಷವನ್ನು ಹೊರುವ ವಿಹಾರದ ಕಾರಿಗೂ ಸಲ್ಲುವುದು. ಇಂದು ಸಾಧಾರಣವೆಂದು ತೋರುವ ಬಂಡಿಯೇ ನಾಳೆ ತನ್ನ ಜಾತಿಯಲ್ಲಿ ಕೊನೆಯದಾಗಬಹುದು. ಹಳೆಯ ಕಾರುಗಳ ಸಂಖ್ಯೆಯು ಕುಗ್ಗುವುದೇ ಹೊರತು ಎಂದಿಗೂ ಹೆಚ್ಚುವುದಿಲ್ಲ. ಇದನ್ನು ಮನಗಂಡೇ ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ‘ಫೀವಾ’ ಸಂಸ್ಥೆಯು ಟುರಿನ್ ನಗರದ ಹೆಸರಿನಲ್ಲಿ ೨೦೧೨ರಲ್ಲಿ ಒಂದು ಸನ್ನದನ್ನು ರಚಿಸಿತು. ಹಳೆಯ ವಾಹನವನ್ನು ಚರಿತ್ರೆಯ ಸಾಕ್ಷಿಯೆಂದು ಎಣಿಸಿ, ಮಾಡುವ ಮಾರ್ಪಾಟುಗಳನ್ನು ದಾಖಲೆಯಲ್ಲಿಟ್ಟು, ಸಾಧ್ಯವಾದಷ್ಟು ಹಿಂದಕ್ಕೆ ತೆಗೆಯಬರುವಂತೆ ಇರಿಸಬೇಕೆಂಬುದು ಅದರ ತಿರುಳು.

ನಮ್ಮ ದೇಶದಲ್ಲಿಯೂ ಹಳೆಯ ಕಾರುಗಳ ಅಭಿಮಾನವು ಬೆಳೆಯುತ್ತಿರುವುದು. ಧರ್ಮಸ್ಥಳದ ಸಂಗ್ರಹವನ್ನು ಕಂಡು ಬಂದವರ ಮನೆಗಳಲ್ಲಿ, ಅಜ್ಜನ ಕಾಲದ ಕಾರನ್ನು ಕೊಟ್ಟಿಗೆಯಿಂದ ಹೊರತೆಗೆಯುವ ಮಾತು ಎದ್ದರೆ ಅಚ್ಚರಿಯಿಲ್ಲ. ಅಂತಹವರು ಕಾನೂನನ್ನೂ ತಿಳಿದಿರುವುದು ಒಳ್ಳೆಯದು. ೧೯೮೮ರ ಮೋಟಾರು ವಾಹನಗಳ ಕಾಯಿದೆಯು ನೋಂದಣಿಯ ವಿವರಕ್ಕೆ ವಿರೋಧವಾಗಿ ಬಂಡಿಯನ್ನು ಮಾರ್ಪಡಿಸುವುದಕ್ಕೆ ತಡೆಯೊಡ್ಡುವುದು. ೧೯೮೯ರ ಕೇಂದ್ರ ನಿಯಮಗಳ ಮೇರೆಗೆ ಸೇನೆಯ ಆಲಿವ್ ಹಸಿರು ಬಣ್ಣವನ್ನು ರಕ್ಷಣಾ ಇಲಾಖೆಯ ವಾಹನಗಳಲ್ಲದೆ ಬೇರೆ ಯಾವುದಕ್ಕೂ ಬಳಿಯಕೂಡದು. ೨೦೨೧ರಲ್ಲಿ ಕೇಂದ್ರ ಸರಕಾರವು ಐವತ್ತು ವರ್ಷಕ್ಕೆ ಮೀರಿದ ಖಾಸಗಿ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿದಾಗಲೂ, ಚಾಸಿ, ಮೈ, ಎಂಜಿನುಗಳಲ್ಲಿ ದೊಡ್ಡ ಮಾರ್ಪಾಟು ಆಗಿರಕೂಡದೆಂಬ ಕಟ್ಟಳೆಯನ್ನು ಇರಿಸಿತು. ಹೀಗಿರುವಾಗ ಇಲ್ಲಿ ಕಾರಿಗೆ ಕವಚ ತೊಡಿಸಿ ಬೀದಿಗೆ ತರುವ ಉತ್ಸಾಹವು, ಆ ಮಾನ್ಯತೆಯನ್ನೇ ಕಳೆದುಕೊಳ್ಳುವ ದಾರಿಯಾದೀತು.

ಆದುದರಿಂದ ಹಳೆಯ ಬಂಡಿಗೆ ಹೊಸ ರೂಪ ಕೊಡಬೇಕೆನ್ನುವ ಗೃಹಸ್ಥರು ಉಳಿ ಸುತ್ತಿಗೆಗಳನ್ನು ಎತ್ತುವ ಮೊದಲು ಮೂರು ಪ್ರಶ್ನೆಗಳನ್ನು ತಮ್ಮಲ್ಲಿಯೇ ಕೇಳಿಕೊಳ್ಳಲಿ. ಈ ಬಂಡಿಯಲ್ಲಿ ಮೂಲದ ಮೈ ಇನ್ನೂ ಉಳಿದಿದೆಯೇ? ಉಳಿದಿದ್ದರೆ ಮುಟ್ಟಬಾರದು. ನಾನು ಮಾಡುವ ಕೆಲಸವನ್ನು ಮೊಮ್ಮಗನು ಒಂದು ಸ್ಪ್ಯಾನರು ಹಿಡಿದು ಒಂದೇ ವಾರದಲ್ಲಿ ಬಿಚ್ಚಬಲ್ಲನೇ? ಬಿಚ್ಚಲಾರನಾದರೆ ಮಾಡಬಾರದು. ನೋಡಿದವರಿಗೆ ಇದು ಅನುಕೃತಿಯೆಂದು ಹೇಳುವೆನೇ? ಹೇಳುವ ಮನಸ್ಸಿಲ್ಲದಿದ್ದರೆ ಅದು ವಿನೋದವಲ್ಲ, ವಂಚನೆ. ಬಂಡಿಯ ಒಳಬದಿಯಲ್ಲಿ ಕಟ್ಟಿದ ವರ್ಷವನ್ನೂ ಮೂಲ ಚಾಸಿಯ ಸಂಖ್ಯೆಯನ್ನೂ ಬರೆದ ಒಂದು ಹಿತ್ತಾಳೆಯ ಫಲಕವನ್ನು ಜಡಿದಿಟ್ಟರೆ, ನಾವೆಲ್ಲ ಹೋದ ಮೇಲೆಯೂ ಅದು ನಿಜವನ್ನು ನುಡಿಯುತ್ತಿರುವುದು.

ಬಣ್ಣ ತೊಳೆದರೆ ಹೋಗುವಂತಿದ್ದರೆ ವೇಷದಿಂದ ಮುಖಕ್ಕೆ ಕೇಡಿಲ್ಲ. ಹಲಗೆಯ ಕವಚದೊಳಗೆ ಚಾಸಿಯು ಗಾಯವಿಲ್ಲದೆ ಉಳಿದಿದ್ದರೆ, ಒಂದು ತಲೆಮಾರಿನವರು ಅದರಲ್ಲಿ ಯುದ್ಧದ ಪಾಠವನ್ನು ಕಲಿಯಲಿ. ಮುಂದಿನವರು ಕವಚವನ್ನು ಕಳಚಿ, ಕುಟುಂಬದವರನ್ನೆಲ್ಲ ಕೂರಿಸಿಕೊಂಡು ಜಾತ್ರೆಗೆ ಹೋಗಲಿ. ಎರಡಕ್ಕೂ ಆ ಬಂಡಿಯು ಒದಗುವುದು.